ಕಲ್ಲು, ಮಣ್ಣು, ಸುಣ್ಣ: ಭೀಮಸಮುದ್ರ ಸೀಮೆಯ ಕಟ್ಟಡ ಸಾಮಗ್ರಿಗಳ ಚರಿತ್ರೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮನೆ ಕಟ್ಟಿಸುವ ಗೃಹಸ್ಥನು ಇಟ್ಟುಕೊಳ್ಳುವ ಲೆಕ್ಕದ ಪುಸ್ತಕದಲ್ಲಿ ಕಲ್ಲು, ಇಟ್ಟಿಗೆ, ಮರಳು, ಸಿಮೆಂಟು, ಕಬ್ಬಿಣ, ಮರಮುಟ್ಟು, ಕೂಲಿ ಎಂದು ಒಂದೊಂದು ಬಾಬಿಗೂ ಒಂದೊಂದು ಪುಟವಿರುತ್ತದೆ. ಆದರೆ ಆ ಕಲ್ಲು, ಆ ಮರಳು, ಆ ಕಬ್ಬಿಣ ಯಾವ ನೆಲದಿಂದ ಬಂದವು, ಅವನ್ನು ತೆಗೆದ ಸ್ಥಳದಲ್ಲಿ ಈಗ ಏನು ಉಳಿದಿದೆ ಎಂಬುದಕ್ಕೆ ಪುಟವಿರುವುದಿಲ್ಲ. ನೆಲದ ಮೇಲೆ ಏಳುವ ಪ್ರತಿಯೊಂದು ಕಟ್ಟಡಕ್ಕೂ ಎಲ್ಲಿಯೋ ಒಂದು ಗುಂಡಿ ಇದ್ದೇ ಇರುತ್ತದೆ. ಕಟ್ಟಡದ ಚರಿತ್ರೆಯನ್ನು ಬರೆಯುವವರು ಗೋಪುರವನ್ನು ವರ್ಣಿಸುತ್ತಾರೆ, ಗುಂಡಿಯನ್ನು ಮರೆಯುತ್ತಾರೆ.

ವಟ್ಟಕೇರಾಚಾರ್ಯರ ‘ಮೂಲಾಚಾರ’ದಲ್ಲಿ ಪೃಥ್ವಿಯ 36 ಭೇದಗಳನ್ನು ಹೇಳಲಾಗಿದೆ. ಮಣ್ಣು, ಮರಳು, ಹರಳುಕಲ್ಲು, ಬಂಡೆ, ಉಪ್ಪು, ಕಬ್ಬಿಣ, ತಾಮ್ರ ಮೊದಲಾದವು ಆ ಪಟ್ಟಿಯಲ್ಲಿವೆ. ಇಂದಿನ ಮೇಸ್ತ್ರಿಯೊಬ್ಬನು ಅದನ್ನು ಓದಿದರೆ ತನ್ನ ಸಾಮಗ್ರಿಗಳ ಯಾದಿಯ ಒಂದು ಭಾಗವೆಂದೇ ಭಾವಿಸಬಹುದು. ಪೂರ್ವಾಚಾರ್ಯರಿಗೆ ಅದು ಪೃಥ್ವೀಕಾಯಿಕ ಜೀವಗಳ ಪಟ್ಟಿಯಾಗಿತ್ತು. ಈ ಎರಡು ದೃಷ್ಟಿಗಳನ್ನು ಎದುರು ಬದುರಾಗಿಟ್ಟು, ಚಿತ್ರದುರ್ಗ ಜಿಲ್ಲೆಯ ಭೀಮಸಮುದ್ರದ ಆಸುಪಾಸಿನ ನೆಲದಲ್ಲಿ ಮನುಷ್ಯನು ಯಾವ ಯಾವ ವಸ್ತುಗಳಿಂದ ಕಟ್ಟಿದನು, ಆ ವಸ್ತುಗಳಿಗಾಗಿ ಏನನ್ನು ಅಗೆದನು ಎಂಬುದನ್ನು ಸಂಕ್ಷೇಪವಾಗಿ ಅವಲೋಕಿಸುವುದು ಈ ಲೇಖನದ ಉದ್ದೇಶ.

ನೆಲದ ಸ್ವರೂಪ

ಭೀಮಸಮುದ್ರವು ಚಿತ್ರದುರ್ಗ ತಾಲ್ಲೂಕಿನ ಗ್ರಾಮ. ಗುಡ್ಡಗಳ ನಡುವಿನ ದೊಡ್ಡ ಕೆರೆ, ಕೆರೆಯ ಆಶ್ರಯದಲ್ಲಿ ಬೆಳೆದ ಅಡಿಕೆ ತೋಟಗಳು, ಅಡಿಕೆ ವ್ಯಾಪಾರ, ಇವು ಆ ಊರಿಗೆ ಹೆಸರು ತಂದಿವೆ. ಬಯಲುಸೀಮೆಯ ಒಣನೆಲದ ನಡುವೆ ಈ ಹಸಿರು ಕಣ್ಣಿಗೆ ತಂಪನ್ನೀಯುತ್ತದೆ. ಈ ಹಸಿರಿನ ಅಡಿಯಲ್ಲಿರುವ ಶಿಲೆಯಾದರೋ ಅತ್ಯಂತ ಪುರಾತನವಾದುದು. ಉತ್ತರದಲ್ಲಿ ಗದಗಿನ ಕಡೆಯಿಂದ ದಕ್ಷಿಣದಲ್ಲಿ ಶ್ರೀರಂಗಪಟ್ಟಣದ ಕಡೆಗೆ ಹಬ್ಬಿರುವ, 250 ಕೋಟಿ ವರ್ಷಗಳಿಗೂ ಹಿಂದಿನ ಪದರಶಿಲೆಗಳ ಪಟ್ಟಿಯನ್ನು ಭೂವಿಜ್ಞಾನಿಗಳು ಚಿತ್ರದುರ್ಗದ ಹೆಸರಿನಿಂದಲೇ ಕರೆಯುತ್ತಾರೆ. ಕಬ್ಬಿಣದ ಅದಿರು, ಸುಣ್ಣಕಲ್ಲು, ಮ್ಯಾಂಗನೀಸು, ಇಂಗಳದಾಳದ ತಾಮ್ರ, ಇವೆಲ್ಲ ಈ ಪಟ್ಟಿಯ ಸಂಪತ್ತು. ಅದರ ಪಕ್ಕದಲ್ಲಿಯೇ ದುರ್ಗದ ಬೆಟ್ಟದಂತಹ ಕಣಶಿಲೆಯ ರಾಶಿಗಳಿವೆ. ಹೀಗೆ ಕಟ್ಟಲು ಬೇಕಾದ ವಸ್ತುಗಳೆಲ್ಲವನ್ನೂ ಪ್ರಕೃತಿಯು ಒಂದೇ ಸೀಮೆಯಲ್ಲಿ ಕೂಡಿಟ್ಟಿದೆ. ಈ ಸೀಮೆಯ ಭಾಗ್ಯವೂ ಸಂಕಟವೂ ಇದರಿಂದಲೇ ಉಂಟಾದವು.

ಕಲ್ಲು

ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ‘ಕಲ್ಲಿನ ಕೋಟೆ’ ಎಂದು ಜನರು ಕರೆಯುತ್ತಾರೆ. ವಿಜಯನಗರದ ಕಾಲದಿಂದ ಮೊದಲುಗೊಂಡು 1779ರಲ್ಲಿ ಹೈದರಾಲಿಯ ವಶವಾಗುವವರೆಗೆ ನಾಯಕರು ಅದನ್ನು ಹಂತಹಂತವಾಗಿ ಬೆಳೆಸಿದರು. ಅದರ ಗೋಡೆಗಳಲ್ಲಿ ಅನೇಕ ಕಡೆ ಕಲ್ಲಿನ ಮೇಲೆ ಕಲ್ಲು ಗಾರೆಯಿಲ್ಲದೆ ಕುಳಿತಿದೆ. ತೂಕ ಮತ್ತು ಅಂಚಿನ ಹೊಂದಾಣಿಕೆಯೇ ಅದನ್ನು ಹಿಡಿದು ನಿಲ್ಲಿಸಿವೆ. ಕೋಟೆಯೊಳಗೆ ನಡೆಯುವವರು ಬಂಡೆಗಳ ಮೈಮೇಲೆ ಸಾಲಾಗಿ ಕೊರೆದ ಚಿಕ್ಕ ಚೌಕ ಕುಳಿಗಳನ್ನು ಕಾಣುತ್ತಾರೆ. ಕಲ್ಲುಕುಟಿಗರು ಉಳಿಯಿಂದ ಇಂತಹ ಕುಳಿಗಳನ್ನು ತೋಡಿ, ಅವುಗಳಲ್ಲಿ ಬೆಣೆಗಳನ್ನಿಟ್ಟು ಹೊಡೆದು, ಬಂಡೆಯನ್ನು ನೇರವಾಗಿ ಸೀಳುತ್ತಿದ್ದರು. ಕೆಲವು ಬಂಡೆಗಳು ಕುಳಿ ತೋಡಿದ ಮೇಲೂ ಸೀಳಲ್ಪಡದೆ ಹಾಗೆಯೇ ಉಳಿದಿವೆ. ಇಲ್ಲಿ ಗೋಡೆಯೂ ಅದಕ್ಕಾಗಿ ಆದ ಗಾಯವೂ ಒಂದೇ ದೃಷ್ಟಿಗೆ ಬೀಳುತ್ತವೆ.

ಅಷ್ಟೇ ಗಮನಾರ್ಹವಾದುದು ಕೋಟೆಯ ನೀರಿನ ವ್ಯವಸ್ಥೆ. ಬೆಟ್ಟದ ಮೇಲೆ ಬಿದ್ದ ಮಳೆಯ ನೀರು ಗೋಪಾಲಸ್ವಾಮಿ ಹೊಂಡದಲ್ಲಿ ನಿಂತು, ಹೆಚ್ಚಾದುದು ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ಇಳಿಯುವಂತೆ ಏರ್ಪಡಿಸಲಾಗಿತ್ತು. ಬಂಡೆಗಳ ನಡುವಿನ ತಗ್ಗು ಅಲ್ಲಿ ವ್ಯರ್ಥವಾಗಲಿಲ್ಲ. ಅದು ನೀರಿನ ಪಾತ್ರೆಯಾಯಿತು.

ಜೈನ ಶಿಲ್ಪಕ್ಕೂ ಕಲ್ಲಿಗೂ ಇರುವ ನಂಟನ್ನು ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಇದೇ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ 12ನೆಯ ಶತಮಾನದ, ಹೊಯ್ಸಳ ಶೈಲಿಯ ಪಾರ್ಶ್ವನಾಥ ಬಸದಿಯು ಕರಿಯ ಕಲ್ಲಿನಲ್ಲಿ ನಿಂತಿದೆ. ಗಂಗರಾಜನ ಮಗ ಬೊಪ್ಪದೇವನು 1133ರಲ್ಲಿ ಹಳೇಬೀಡಿನಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ಹೊಯ್ಸಳ ಶಿಲ್ಪಿಗಳಿಗೆ ಪ್ರಿಯವಾಗಿದ್ದ ಬಳಪದ ಕಲ್ಲು ನೆಲದಿಂದ ತೆಗೆದಾಗ ಮೃದುವಾಗಿದ್ದು, ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುತ್ತದೆ. ಉಳಿಗೆ ಬೇಗ ಮಣಿಯುವ ಈ ಗುಣದಿಂದಲೇ ಅಂತಹ ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು. ಇನ್ನು 981ರಲ್ಲಿ ಚಾವುಂಡರಾಯನು ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ನಿಲ್ಲಿಸಿದ ಗೊಮ್ಮಟಮೂರ್ತಿಯ ವಿಚಾರ. ಸುಮಾರು 58 ಅಡಿ ಎತ್ತರದ ಆ ಮೂರ್ತಿಗೆ ಬೇರೆ ಕಡೆಯಿಂದ ಕಲ್ಲು ತರಲಿಲ್ಲ. ಬೆಟ್ಟದ ನೆತ್ತಿಯಲ್ಲಿದ್ದ ಬಂಡೆಯೇ ಮೂರ್ತಿಯಾಯಿತು.

ಮಣ್ಣು ಮತ್ತು ಕೆರೆ

ದುರ್ಗವು ಕಲ್ಲಿನ ಕೋಟೆಯೆಂದು ಪ್ರಸಿದ್ಧವಾದರೂ ಅದರೊಳಗಿನ ಅರಮನೆಯ ಆವರಣದಲ್ಲಿ ಇಂದಿಗೂ ನಿಂತಿರುವ ಎತ್ತರದ ಗೋಡೆಗಳು ಮಣ್ಣಿನವು. ಮೇಲ್ಛಾವಣಿ ಹೋಗಿ, ಶತಮಾನಗಳ ಮಳೆಗಾಳಿಗೆ ಮೈಯೊಡ್ಡಿಯೂ ಅವು ಉಳಿದಿರುವುದು ಮಣ್ಣನ್ನು ಹದಮಾಡುವ ಕಲೆಯ ಮಹಿಮೆಯನ್ನು ತೋರಿಸುತ್ತದೆ. ಸಾಮಾನ್ಯ ಜನರ ಮನೆಗಳೂ ಮಣ್ಣಿನವೇ. ಮಣ್ಣನ್ನು ಕಲಸಿ, ತುಳಿದು, ಕೊಳೆಹಾಕಿ, ಒಂದು ಸುತ್ತು ಒಣಗಿದ ಮೇಲೆ ಇನ್ನೊಂದು ಸುತ್ತು ಏರಿಸಿ ಗೋಡೆ ಇಡುತ್ತಿದ್ದರು. ಮೇಲೆ ಮರದ ತೊಲೆ, ಜಂತೆ. ಅದರ ಮೇಲೆ ಸೀಳುಕಟ್ಟಿಗೆ, ಸೊಪ್ಪು. ಅದರ ಮೇಲೆ ನೀರನ್ನು ಸುಲಭವಾಗಿ ಒಳಬಿಡದ ಕರಲು ಮಣ್ಣು. ಇದೇ ಬಯಲುಸೀಮೆಯ ಮಾಳಿಗೆ ಮನೆ. ಹೊರಗೆ ಉರಿಬಿಸಿಲಿದ್ದರೂ ಒಳಗೆ ತಂಪು. ಅಡಿಕೆ ಸೀಮೆಗಳಲ್ಲಿ ಮರದ ದಬ್ಬೆಯೂ ಸೋಗೆಯೂ ಮಾಡಿಗೆ ಒದಗುತ್ತಿದ್ದವು. ಫಲ ಕೊಡುವುದನ್ನು ನಿಲ್ಲಿಸಿದ ಮರವು ಹೀಗೆ ಮನೆಯ ಭಾಗವಾಗುತ್ತಿತ್ತು.

ಮನೆಗೆ ಬೇಕಾದ ಈ ಮಣ್ಣು ಎಲ್ಲಿಂದ ಬರುತ್ತಿತ್ತು? ಬಹುಮಟ್ಟಿಗೆ ಊರ ಹೊಲಗಳಿಂದ, ಹಾಳುಬಿದ್ದ ಹಳೆಯ ಗೋಡೆಗಳಿಂದ, ಮತ್ತು ಕೆರೆಯಿಂದ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿಗಳು ಕೆರೆಯಂಗಳಕ್ಕೆ ಇಳಿಯುತ್ತಿದ್ದವು. ಕುಂಬಾರನು ಮಡಕೆಗೂ ನಾಡಹೆಂಚಿಗೂ ಜೇಡಿಯನ್ನು ಒಯ್ಯುತ್ತಿದ್ದನು. ಇಟ್ಟಿಗೆಯವನು ತನ್ನ ಪಾಲನ್ನು ಒಯ್ಯುತ್ತಿದ್ದನು. ರೈತನು ಕೆರೆಗೋಡನ್ನು ತೋಟಕ್ಕೆ ಹೊಡೆಯುತ್ತಿದ್ದನು. ಎತ್ತಿದಷ್ಟೂ ಕೆರೆಯ ಆಳ ಹೆಚ್ಚುತ್ತಿತ್ತು. ಮಳೆಗಾಲದಲ್ಲಿ ಆ ಗುಂಡಿಯಲ್ಲಿ ನೀರು ನಿಲ್ಲುತ್ತಿತ್ತು. ಮನೆಯ ಲೆಕ್ಕವೂ ಕೆರೆಯ ಲೆಕ್ಕವೂ ಒಂದೇ ಪುಸ್ತಕದಲ್ಲಿದ್ದ ಕಾಲ ಅದು. ಕೆರೆಯ ಕಾಳಜಿಯು ಈ ಸೀಮೆಗೆ ಹೊಸತಲ್ಲ. ಚಂದ್ರವಳ್ಳಿಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರು 1929ರಲ್ಲಿ ಬೆಳಕಿಗೆ ತಂದ ಕದಂಬ ಮಯೂರಶರ್ಮನ ಬಂಡೆಶಾಸನವು ಒಂದು ತಟಾಕದ ನಿರ್ಮಾಣವನ್ನೇ ಕುರಿತದ್ದು. ರಾಜವಂಶದ ಸ್ಥಾಪಕನೊಬ್ಬನು ಕಲ್ಲಿನ ಮೇಲೆ ಬರೆಯಿಸಿದ ಮಾತು ಕೆರೆಯ ಮಾತಾಗಿತ್ತು ಎಂಬುದು ಇಂದಿಗೂ ಚಿಂತನಾರ್ಹ.

ಸುಣ್ಣ ಮತ್ತು ಗಾರೆ

ಕಲ್ಲು, ಮಣ್ಣು ಇವು ನಿಸರ್ಗದತ್ತವಾದರೆ ಇಟ್ಟಿಗೆ ಮತ್ತು ಸುಣ್ಣ ಬೆಂಕಿಯಿಂದ ಹುಟ್ಟಿದವು. ಮನುಷ್ಯನು ತಯಾರಿಸಿದ ಕಟ್ಟಡ ಸಾಮಗ್ರಿಗಳಲ್ಲಿ ಇವು ಹಿರಿಯವು. ಸುಣ್ಣಕಲ್ಲನ್ನು ಗೂಡಿನಲ್ಲಿಟ್ಟು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಅದರಲ್ಲಿನ ಇಂಗಾಲಾಮ್ಲವು ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದಾಗ ಅದು ಕುದಿದು ಅರಳುತ್ತದೆ. ಅರಳಿದ ಸುಣ್ಣಕ್ಕೆ ಮರಳನ್ನೋ, ಇಟ್ಟಿಗೆಯ ಪುಡಿಯಾದ ಸುರ್ಕಿಯನ್ನೋ ಸೇರಿಸಿ, ಎತ್ತು ಕಟ್ಟಿದ ಗಾರೆ ಗಾಣದಲ್ಲಿ ದಿನಗಟ್ಟಲೆ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಮೊದಲಾದವನ್ನು ಬೆರೆಸುವ ರೂಢಿಯೂ ಇತ್ತು. ಗೋಡೆ ಸೇರಿದ ಗಾರೆಯು ಗಾಳಿಯಲ್ಲಿನ ಇಂಗಾಲಾಮ್ಲವನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಗೂಡಿನಲ್ಲಿ ಸುಣ್ಣಕಲ್ಲು ಬಿಟ್ಟುಕೊಟ್ಟದ್ದನ್ನು ಹೀಗೆ ಬಹುಮಟ್ಟಿಗೆ ಗೋಡೆಯು ಮರಳಿ ಪಡೆಯುತ್ತದೆ. ಉರಿದ ಸೌದೆಯ ಹೊಗೆ ಮಾತ್ರ ಮರಳುವುದಿಲ್ಲ.

ಈ ಗಾರೆಯ ಶಕ್ತಿಗೆ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯೇ ಸಾಕ್ಷಿ. ವೇದಾವತಿ ನದಿಗೆ ಅಡ್ಡಲಾಗಿ 1898ರಲ್ಲಿ ಆರಂಭವಾದ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡಿತು. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿನಿಂದ ಅದು ವಾಣಿವಿಲಾಸ ಸಾಗರವೆನಿಸಿತು. ನದಿಯ ತಳದಿಂದ 142 ಅಡಿ ಎತ್ತರ, 1,330 ಅಡಿ ಉದ್ದದ ಈ ಕಟ್ಟಡವು ಕಲ್ಲು ಮತ್ತು ಸುಣ್ಣದ ಗಾರೆಯಿಂದ ಎದ್ದಿತು. ಸುಮಾರು 30 ಟಿ.ಎಂ.ಸಿ. ನೀರನ್ನು ಅದು ಹಿಡಿಯಬಲ್ಲದು. 1933ರಲ್ಲಿ ತುಂಬಿ ಕೋಡಿ ಹರಿದ ಜಲಾಶಯವು ಮತ್ತೆ ಕೋಡಿ ಬೀಳಲು 89 ವರ್ಷಗಳು ಬೇಕಾದವು. 2022ರ ಸೆಪ್ಟೆಂಬರಿನಲ್ಲಿ ನೀರು ಉಕ್ಕಿ ಹರಿದಾಗ ಜನಸಾಗರವೇ ಅದನ್ನು ನೋಡಲು ನೆರೆಯಿತು. 2025ರ ಜನವರಿಯಲ್ಲಿ ಅದು ಮತ್ತೊಮ್ಮೆ ಕೋಡಿ ಬಿದ್ದಿತು. ಮೂರು ತಲೆಮಾರುಗಳ ಹಿಂದೆ ಅರೆದ ಗಾರೆಯು ಆ ಪೂರ್ಣಭಾರವನ್ನು ತಾಳಿ ನಿಂತಿತು.

ಹಾಗೆಂದು ಹಿಂದಿನದೆಲ್ಲವೂ ನಿರ್ದೋಷವಾಗಿತ್ತೆಂದು ಭಾವಿಸಲಾಗದು. ಸುಣ್ಣದ ಗೂಡಿಗೂ ಇಟ್ಟಿಗೆಯ ಆವಿಗೆಗೂ ಕಾಡಿನ ಮರ ಬೇಕಾಗಿತ್ತು. ಕಮ್ಮಾರರ ಕುಲುಮೆಗೆ ಇದ್ದಿಲು ಬೇಕಾಗಿತ್ತು. ಕೋಟೆಯ ಕಲ್ಲನ್ನು ಹೊತ್ತವರು ಸ್ವಂತ ಇಚ್ಛೆಯಿಂದಲೇ ಹೊತ್ತರೆಂದು ಹೇಳಲು ಯಾರಿಗೂ ಧೈರ್ಯ ಬಾರದು. ಜಲಾಶಯದ ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು. ಹೇಮಚಂದ್ರಾಚಾರ್ಯರು ‘ಯೋಗಶಾಸ್ತ್ರ’ದಲ್ಲಿ ಶ್ರಾವಕರು ತ್ಯಜಿಸಬೇಕಾದ 15 ಕರ್ಮಾದಾನಗಳನ್ನು ಹೇಳುವಾಗ ಅಂಗಾರಕರ್ಮ, ವನಕರ್ಮ, ಸ್ಫೋಟಕರ್ಮಗಳನ್ನು ಸೇರಿಸಿರುವುದು ಇದನ್ನೆಲ್ಲ ಕಂಡೇ ಇರಬೇಕು. ಗೂಡು ಹೊತ್ತಿಸುವ, ಕಾಡು ಕಡಿಯುವ, ನೆಲವನ್ನು ಒಡೆಯುವ ವೃತ್ತಿಗಳು ಅವು. ಆದರೆ ಆ ಕಾಲದ ಹಿಂಸೆಗೆ ಒಂದು ಮಿತಿಯಿತ್ತು. ಎತ್ತಿನ ಗಾಡಿ ಒಂದು ದಿನದಲ್ಲಿ ಎಷ್ಟು ದೂರ ಹೋಗಬಲ್ಲದೋ ಅಷ್ಟರೊಳಗೆ ಗುಂಡಿ ಇರಬೇಕಾಗಿತ್ತು. ತೋಡಿದವನೇ ಅದರ ಪಕ್ಕದಲ್ಲಿ ಬಾಳಬೇಕಾಗಿತ್ತು.

ಹೆಂಚು, ಸಿಮೆಂಟು, ಉಕ್ಕು

ಈ ಮಿತಿಯನ್ನು ಮೊದಲು ದಾಟಿದ ವಸ್ತುಗಳಲ್ಲಿ ಮಂಗಳೂರು ಹೆಂಚು ಒಂದು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದನು. ನೇತ್ರಾವತಿ, ಗುರುಪುರ ನದೀತೀರದ ಜೇಡಿಮಣ್ಣು ಯಂತ್ರದ ಅಚ್ಚಿನಲ್ಲಿ ಒಂದೇ ಅಳತೆಯ ಹೆಂಚಾಗಿ ದೂರದೂರದ ಊರುಗಳಿಗೆ ಹೊರಟಿತು. ಬಯಲುಸೀಮೆಯಲ್ಲಿಯೂ ಮಣ್ಣಿನ ಮಾಳಿಗೆಯ ಪಕ್ಕದಲ್ಲಿ ಕೆಂಪು ಹೆಂಚಿನ ಮನೆಗಳು ಕಾಣಿಸಿಕೊಂಡವು. ಸೋರುವ ಮಾಳಿಗೆಯ ಕಷ್ಟ ತಿಳಿದವರಿಗೆ ಅದು ದೊಡ್ಡ ಉಪಕಾರವಾಗಿದ್ದುದು ನಿಜ. ಆದರೆ ಛಾವಣಿ ಇಲ್ಲಿ, ಗುಂಡಿ ಸಮುದ್ರತೀರದಲ್ಲಿ ಎಂಬ ಹೊಸ ಏರ್ಪಾಡು ಅಂದಿನಿಂದ ರೂಢಿಯಾಯಿತು.

ಅನಂತರ ಬಂದುದು ಸಿಮೆಂಟು. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದನು. ಭಾರತದಲ್ಲಿ ಅದರ ತಯಾರಿಕೆ 1914ರಲ್ಲಿ ಪೋರಬಂದರಿನಲ್ಲಿ ನೆಲೆಗೊಂಡಿತು. ಮೈಸೂರು ಸಂಸ್ಥಾನದಲ್ಲಿ 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು ಅದರ ಆಹಾರವಾದವು. ಮುಂದೆ 1930ರ ದಶಕದಲ್ಲಿ ಅಲ್ಲಿಯೇ ಸಿಮೆಂಟಿನ ತಯಾರಿಕೆಯೂ ಕೂಡಿಕೊಂಡಿತು. ಸಿಮೆಂಟಿಗೆ ಸುಣ್ಣಕಲ್ಲನ್ನೂ ಜೇಡಿಯನ್ನೂ ಸುಮಾರು 1,450 ಡಿಗ್ರಿ ಶಾಖದಲ್ಲಿ ಸುಡಬೇಕು. ಅದು ಬೇಗ ಗಟ್ಟಿಯಾಗುತ್ತದೆ, ನೀರಿನಲ್ಲಿಯೂ ಗಟ್ಟಿಯಾಗುತ್ತದೆ, ಉಕ್ಕಿನ ಸರಳನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಬಡವನಿಗೂ ಸೋರದ ಸೂರು ಒದಗಿದುದು, ಆಸ್ಪತ್ರೆ, ಶಾಲೆ, ಸೇತುವೆಗಳು ಶೀಘ್ರವಾಗಿ ಎದ್ದುದು ಈ ಗುಣಗಳಿಂದಲೇ. ಅದರ ಬೆಲೆಯೂ ಸಣ್ಣದಲ್ಲ. ಜಗತ್ತಿನಲ್ಲಿ ಮನುಷ್ಯನು ವಾಯುಮಂಡಲಕ್ಕೆ ಬಿಡುವ ಇಂಗಾಲಾಮ್ಲದಲ್ಲಿ ನೂರಕ್ಕೆ 7 ಅಥವಾ 8 ಪಾಲು ಸಿಮೆಂಟಿನ ತಯಾರಿಕೆಯಿಂದ ಬರುತ್ತದೆಂದು ವಿಜ್ಞಾನಿಗಳು ಲೆಕ್ಕಹಾಕಿದ್ದಾರೆ.

ಒಂದು ಸಾಮಾನ್ಯ ಮನೆಯ ಲೆಕ್ಕವನ್ನು ನೋಡೋಣ. ಮೇಸ್ತ್ರಿಗಳ ರೂಢಿಯ ಅಂದಾಜಿನಂತೆ 1,000 ಚದರಡಿಯ ಮನೆಗೆ ಸುಮಾರು 4 ಟನ್ ಉಕ್ಕಿನ ಸರಳು, 400 ಚೀಲ ಎಂದರೆ 20 ಟನ್ ಸಿಮೆಂಟು ಬೇಕು. ಒಂದು ಟನ್ ಉಕ್ಕಿಗೆ ಸುಮಾರು ಒಂದೂವರೆ ಟನ್ನಿಗೂ ಮಿಕ್ಕಿ ಅದಿರು, ಒಂದು ಟನ್ ಸಿಮೆಂಟಿಗೆ ಹೆಚ್ಚುಕಡಿಮೆ ಒಂದೂವರೆ ಟನ್ ಸುಣ್ಣಕಲ್ಲು. ಆಗ ಆ ಮನೆಗಾಗಿ 6 ಟನ್ನಿಗಿಂತ ಹೆಚ್ಚು ಅದಿರು, 30 ಟನ್ನಿನಷ್ಟು ಸುಣ್ಣಕಲ್ಲು ಎಲ್ಲಿಯೋ ನೆಲದಿಂದ ಹೊರಬಂದಿರುತ್ತವೆ. ಮರಳು, ಜಲ್ಲಿಗಳ ಲೆಕ್ಕ ಬೇರೆ. ಮನೆಯ ಯಜಮಾನನು ಆ ಗುಂಡಿಗಳಲ್ಲಿ ಒಂದನ್ನೂ ಕಂಡಿರುವುದಿಲ್ಲ.

ಗುಂಡಿಯ ಪಕ್ಕದ ಊರು

ಆದರೆ ಭೀಮಸಮುದ್ರದವರು ಕಂಡಿದ್ದಾರೆ. ಅವರ ಸುತ್ತಲಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆದಿದೆ. ಅದಿರು ಹೊತ್ತ ಲಾರಿಗಳ ಕೆಂಪು ಧೂಳು ರಸ್ತೆಯ ಮೇಲೆ, ಮನೆಗಳ ಮೇಲೆ, ಅಡಿಕೆಯ ಗರಿಗಳ ಮೇಲೆ ಕೂರುತ್ತದೆಂದು ಈ ಭಾಗದ ಗ್ರಾಮಸ್ಥರು ಅನೇಕ ಬಾರಿ ಅಳಲನ್ನು ತೋಡಿಕೊಂಡಿದ್ದಾರೆ. ಗುಡ್ಡದ ಮಣ್ಣು ಸಡಿಲವಾದರೆ ಮಳೆಯಲ್ಲಿ ಅದು ಇಳಿದು ಸೇರುವುದು ಕೆರೆಯನ್ನೇ. ಹಿಂದೆ ಮನೆಯ ಗುಂಡಿಯು ಕೆರೆಯನ್ನು ಆಳವಾಗಿಸುತ್ತಿತ್ತು. ಈಗಿನ ಗುಂಡಿಯು ಕೆರೆಯನ್ನು ತುಂಬಿಸುವ ಭಯವಿದೆ. ಎರಡು ಕಾಲಗಳ ಅಂತರವನ್ನು ಇಷ್ಟು ಸ್ಪಷ್ಟವಾಗಿ ಹೇಳುವ ನಿದರ್ಶನ ಬೇರೊಂದು ದುರ್ಲಭ.

ಈ ವಿಚಾರವು ದೇಶದ ಪರಮೋಚ್ಚ ನ್ಯಾಯಾಲಯದವರೆಗೂ ಹೋಯಿತು. 2011ರ ಜುಲೈಯಲ್ಲಿ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿದ ಸರ್ವೋಚ್ಚ ನ್ಯಾಯಾಲಯವು, ಅದೇ ವರ್ಷದ ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಿಗೂ ಆ ತಡೆಯನ್ನು ವಿಸ್ತರಿಸಿತು. 2013ರ ಏಪ್ರಿಲ್ ತೀರ್ಪಿನಲ್ಲಿ ಗಣಿಗಳನ್ನು ವರ್ಗೀಕರಿಸಿ, ಭೂಮಿಯ ಪುನಶ್ಚೇತನದ ಯೋಜನೆಗಳಿಗೆ ಒಳಪಟ್ಟು ಕೆಲವನ್ನು ಪುನರಾರಂಭಿಸಲು ಅವಕಾಶವಿತ್ತಿತು. 2015ರಲ್ಲಿ ಕೇಂದ್ರದ ಕಾನೂನು ತಿದ್ದುಪಡಿಯಾಗಿ, ಗಣಿ ಪೀಡಿತ ಜನರಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ರೂಪುಗೊಂಡವು. ತೆಗೆದವನು ಗುಂಡಿಯ ಪಕ್ಕದವನಿಗೆ ಋಣಿ ಎಂಬ ಹಳೆಯ ನ್ಯಾಯವನ್ನು ಕಾನೂನು ತನ್ನ ಭಾಷೆಯಲ್ಲಿ ಒಪ್ಪಿಕೊಂಡಂತಾಯಿತು. ತೆಗೆದವನೆಂದರೆ ಗಣಿಯ ಒಡೆಯನೊಬ್ಬನೇ ಎಂದು ತಿಳಿದು ನಾವು ಸಮಾಧಾನಪಡುವಂತಿಲ್ಲ. ಆ ಅದಿರು ಕಡೆಗೆ ಯಾರ ತೊಲೆಯಲ್ಲಿ, ಯಾರ ಮೆಟ್ಟಿಲಲ್ಲಿ ಹುದುಗಿದೆಯೋ ಅವರೂ ಆ ಋಣದಲ್ಲಿ ಪಾಲುದಾರರು.

ಶ್ರಾವಕನ ಲೆಕ್ಕ

ಗೃಹಸ್ಥನು ಮನೆಯಿಲ್ಲದೆ ಬಾಳಲಾರನು. ಕಟ್ಟುವುದರಿಂದಾಗುವ ಹಿಂಸೆಯನ್ನು ನಮ್ಮ ಆಚಾರಗ್ರಂಥಗಳು ಆರಂಭಿ ಹಿಂಸೆಯೆಂದು ಗುರುತಿಸಿ, ಶ್ರಾವಕನಿಗೆ ಅದು ಪೂರ್ಣವಾಗಿ ತಪ್ಪದೆಂಬುದನ್ನು ಒಪ್ಪಿವೆ. ಆದರೆ ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡಮರ ಕಡಿಯುವುದು ಇವನ್ನು ಅನರ್ಥದಂಡದಲ್ಲಿ ಎಣಿಸಿದ್ದಾರೆ. ‘ತತ್ತ್ವಾರ್ಥಸೂತ್ರ’ವು ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಚಿನ್ನಬೆಳ್ಳಿಗಿಂತ ಮೊದಲು ಕ್ಷೇತ್ರ ಮತ್ತು ವಾಸ್ತುಗಳನ್ನು, ಎಂದರೆ ಹೊಲ ಮತ್ತು ಮನೆಗಳನ್ನು ಹೆಸರಿಸುತ್ತದೆ. ಅವಶ್ಯಕತೆಯ ಮನೆ ಬೇರೆ, ಪ್ರತಿಷ್ಠೆಯ ಮನೆ ಬೇರೆ ಎಂಬ ವಿವೇಕವು ಇಲ್ಲಿ ಅಡಗಿದೆ. ವರ್ಷದಲ್ಲಿ ಎರಡು ದಿನ ಬಾಗಿಲು ತೆರೆಯುವ ಕೋಣೆ, ನೆರೆಮನೆಯವನಿಗಿಂತ ಎತ್ತರವಾಗಲೆಂದು ಎಬ್ಬಿಸಿದ ಮಹಡಿ, ಗಟ್ಟಿಯಾಗಿದ್ದರೂ ಹಳತೆಂದು ಕೆಡವಿದ ಗೋಡೆ, ಇವುಗಳಿಗಾಗಿ ಅಗೆದ ಗುಂಡಿಗೆ ಯಾವ ಪ್ರಯೋಜನವನ್ನು ಹೇಳೋಣ?

ನಮ್ಮ ಸಮಾಜಕ್ಕೆ ಹತ್ತಿರವಾದ ಇನ್ನೊಂದು ಮಾತಿದೆ. ಬಸದಿಗಳ ಜೀರ್ಣೋದ್ಧಾರವು ಪುಣ್ಯಕಾರ್ಯ. ಭಕ್ತಿಯ ಉತ್ಸಾಹದಲ್ಲಿ ಹಳೆಯ ಸುಣ್ಣದ ಗಾರೆಯನ್ನು ಕೆತ್ತಿ ಸಿಮೆಂಟು ಮೆತ್ತುವುದು, ಕಲ್ಲಿಗೆ ಬಣ್ಣ ಬಳಿಯುವುದು, ಹಾಸುಗಲ್ಲು ಕಿತ್ತು ದೂರದ ಅಮೃತಶಿಲೆ ಹೊದಿಸುವುದು ಅಲ್ಲಲ್ಲಿ ನಡೆದಿದೆ. ಸುಣ್ಣದ ಗಾರೆಯು ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕುತ್ತದೆ. ಆ ತೇವವೂ ಲವಣಗಳೂ ಮೃದುವಾದ ಹಳೆಯ ಕಲ್ಲನ್ನು ಕ್ರಮೇಣ ಪುಡಿಮಾಡುತ್ತವೆ. ಎಂಟು ಶತಮಾನ ನಿಂತ ಗೋಡೆಯನ್ನು ನಮ್ಮ ಉಪಕಾರವೇ ಕೆಡಿಸಬಾರದು. ಕಟ್ಟಿದವರು ಬಳಸಿದ ವಸ್ತುವಿನಿಂದಲೇ ದುರಸ್ತಿ ಮಾಡುವುದು ಕಲ್ಲಿಗೂ ಕ್ಷೇಮ, ನೆಲಕ್ಕೂ ಹಿತ. ಗಾರೆ ಅರೆಯಬಲ್ಲ ಕೈಗಳು ಕಡಿಮೆಯಾಗುತ್ತಿರುವಾಗ ಅಂತಹವರಿಗೆ ಕೆಲಸ ಕೊಡುವುದೂ ಧರ್ಮವೇ.

ಎಲ್ಲರೂ ಮಣ್ಣಿನ ಮನೆಗೆ ಹಿಂದಿರುಗಬೇಕೆಂದು ಹೇಳುವುದು ಇಲ್ಲಿನ ಆಶಯವಲ್ಲ. ಸಿಮೆಂಟು, ಉಕ್ಕುಗಳಿಂದ ಆಗುವ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಮನೆ ಕಟ್ಟಿಸುವಾಗ ಲೆಕ್ಕದ ಪುಸ್ತಕದಲ್ಲಿ ಒಂದು ಪುಟವನ್ನು ಹೆಚ್ಚಾಗಿ ಸೇರಿಸಿಕೊಳ್ಳಬಹುದು. ಈ ಕಬ್ಬಿಣ ಯಾವ ಗುಡ್ಡದ್ದು? ಈ ಮರಳು ಯಾವ ಹಳ್ಳದ್ದು? ಇಷ್ಟು ಬೇಕೇ? ಹಳೆಯ ಮನೆಯ ತೊಲೆ, ಕಲ್ಲು, ಹೆಂಚುಗಳಲ್ಲಿ ಎಷ್ಟು ಮರಳಿ ಬಳಕೆಗೆ ಬರುತ್ತವೆ? ಮೇಸ್ತ್ರಿಗೆ ಉತ್ತರ ಗೊತ್ತಿರಲಾರದು, ವ್ಯಾಪಾರಿಗೂ ಗೊತ್ತಿರಲಾರದು. ಕೇಳುವವರು ಹೆಚ್ಚಿದರೆ ತಿಳಿದುಕೊಳ್ಳುವವರೂ ಹೆಚ್ಚುತ್ತಾರೆ. ಆ ಪುಟವನ್ನು ಬರೆಯಲು ಕುಳಿತವನಿಗೆ ಭೀಮಸಮುದ್ರದ ಕೆರೆಯೂ, ಧೂಳು ಹೊತ್ತ ಅಡಿಕೆಯ ಗರಿಯೂ ಒಮ್ಮೆ ನೆನಪಾದರೆ, ಆತನು ಬರೆಯುವ ಅಂಕಿ ತಾನಾಗಿಯೇ ಸ್ವಲ್ಪ ಕಿರಿದಾದೀತು.